ಸಪ್ತಾಪುರದ ಝೆರಾಕ್ಸ್ ಅಂಗಡಿಯ ಬೋರ್ಡು: ದಿನಕ್ಕೊಂದು ಮಜಾ ಸಂಗತಿ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ನನ್ನ ಗಿರಾಕಿಗಳು. ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದು ರೂಮು ಹಿಡಿದು ಓದುವವರು. ನೋಟ್ಸ್ ಪ್ರಿಂಟ್ ಆಗುವವರೆಗೆ, ಸ್ಪೈರಲ್ ಹಾಕುವವರೆಗೆ, ಅರ್ಜಿಯ ಕೊನೇ ದಿನ ಸರ್ವರ್ ತೆರೆಯುವವರೆಗೆ ಅವರು ನಿಂತೇ ಇರಬೇಕು. ಆ ಹೊತ್ತಿಗೆಂದು ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ತೂಗುಹಾಕಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ವಿಚಿತ್ರ ಸಂಗತಿಯನ್ನು ದಿನಾ ಬೆಳಗ್ಗೆ ಅದರ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತೇನೆ. ಅದರ ಫೋಟೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಹೋಗುತ್ತದೆ. ಸ್ಟೇಟಸ್ ನೋಡಿದ ಒಂದಿಬ್ಬರು ಮಾಸ್ತರರು ತಮ್ಮ ಶಾಲೆಯಲ್ಲೂ ಶುರು ಮಾಡುತ್ತೇವೆ, ಹೆಂಗ ಮಾಡೂದು ಹೇಳ್ರಿ ಎಂದು ಕೇಳಿದರು. ಅದಕ್ಕೇ ಈ ಬರಹ.

ಹಲಗೆ ಚಿಕ್ಕದು, ರಸ್ತೆಯಿಂದ ಕಾಣುವ ದಪ್ಪ ಅಕ್ಷರದಲ್ಲಿ ಏಳೆಂಟು ಸಾಲು ಹಿಡಿಸುತ್ತದೆ. ಬರೆಯುವುದನ್ನು ನನಗೆ ಕಲಿಸಿದ್ದೇ ಈ ಇಕ್ಕಟ್ಟು. ಒಂದು ಮಾದರಿ ತೋರಿಸುತ್ತೇನೆ.

"1991. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬು. ಕಾಫಿ ಇಡೋ ಖೋಲಿ ಒಂದ ಕಡೆ, ಮಂದಿ ಕೂಡೋದು ಬ್ಯಾರೆ ಮಜಲಿನ್ಯಾಗ. ಅಷ್ಟ ದೂರ ನಡದ ಹೋದ್ರ ಪಾಟ್ ಖಾಲಿ! ಅದಕ್ಕ ಪಾಟಿನ ಮುಂದ ಕ್ಯಾಮೆರಾ ಇಟ್ಟು, ಎಲ್ಲಾರ ಕಂಪ್ಯೂಟರಿಗೂ ಅದರ ಚಿತ್ರ ಬರೋಹಂಗ ಮಾಡಿದ್ರು. ಜಗತ್ತಿನ ಮೊದಲನೇ ವೆಬ್‌ಕ್ಯಾಮ್ ಹುಟ್ಟಿದ್ದು ಹಿಂಗ."

ನನಗೆ ಈ ಸಂಗತಿ ಸಿಕ್ಕಾಗ ಬರೀ ಒಂದು ಮಸುಕು ಚಿತ್ರ, ಕೆಳಗೆ "ಜಗತ್ತಿನ ಮೊದಲ ವೆಬ್‌ಕ್ಯಾಮ್" ಎಂಬ ಒಂದೇ ಸಾಲು ಇತ್ತು. ಅದನ್ನು ಹಾಗೇ ಬರೆದಿದ್ದರೆ ಯಾರೂ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ. ಹುಡುಕುತ್ತ ಹೋದೆ. ಆ ಕೆಲಸ ಮಾಡಿದವರಲ್ಲಿ ಒಬ್ಬರಾದ ಕ್ವೆಂಟಿನ್ ಸ್ಟಾಫರ್ಡ್ ಫ್ರೇಸರ್ ತಾವೇ ಎಲ್ಲ ಬರೆದಿಟ್ಟಿದ್ದಾರೆ. ಚಿತ್ರದ ಅಳತೆ ಉದ್ದಕ್ಕೆ 128, ಅಗಲಕ್ಕೆ 128 ಚುಕ್ಕಿ. ಬಣ್ಣವಿಲ್ಲ. ನಿಮಿಷಕ್ಕೆ ಮೂರು ಸಲದಷ್ಟು ಮಾತ್ರ ಬದಲಾಗುತ್ತಿತ್ತು, ಪಾಟ್ ತುಂಬುವುದೇ ನಿಧಾನವಾದ್ದರಿಂದ ಅಷ್ಟು ಸಾಕಾಗುತ್ತಿತ್ತು. 1993ರಲ್ಲಿ ಅದನ್ನು ವೆಬ್ಬಿಗೆ ಜೋಡಿಸಿದ ಮೇಲೆ ಜಗತ್ತಿನ ಮೂಲೆಮೂಲೆಯ ಜನ ಆ ಪಾಟ್ ನೋಡತೊಡಗಿದರು. 2001ರ ಆಗಸ್ಟ್ 22ರಂದು ಕ್ಯಾಮೆರಾ ನಿಂತಿತು. ಕೆಟ್ಟುಹೋಗಿದ್ದ ಪಾಟು ಹರಾಜಿನಲ್ಲಿ 3,350 ಪೌಂಡಿಗೆ ಹೋಯಿತು. ಕೊಂಡವರು ಜರ್ಮನಿಯ ಸ್ಪೀಗೆಲ್ ಪತ್ರಿಕೆಯ ಆನ್‌ಲೈನ್ ವಿಭಾಗದವರು.

ಇಷ್ಟರಲ್ಲಿ ಬೋರ್ಡಿಗೆ ಯಾವುದು ಹೋಗಬೇಕು? ಖಾಲಿ ಪಾಟು. ನಡೆದು ಹೋಗಿ ಚಹಾ ಮುಗಿದಿದೆ ಎಂದು ಕೇಳಿಸಿಕೊಂಡು ಬಂದ ಅನುಭವ ಹಾಸ್ಟೆಲ್ಲಿನ ಪ್ರತಿಯೊಬ್ಬರಿಗೂ ಇದೆ. ಆ ಒಂದು ಕಾರಣಕ್ಕೆ ಕೇಂಬ್ರಿಜ್ ಸಪ್ತಾಪುರಕ್ಕೆ ಹತ್ತಿರ ಬರುತ್ತದೆ. ಹರಾಜಿನ ಬೆಲೆಯನ್ನು ಮರುದಿನದ ಸ್ಟೇಟಸ್ಸಿಗೆ ಇಟ್ಟುಕೊಂಡೆ. ಚುಕ್ಕಿಗಳ ಲೆಕ್ಕವನ್ನು ಕೇಳಿದವರಿಗೆ ಬಾಯಲ್ಲೇ ಹೇಳಿದೆ. ಕೇಳುವವರು ಬಂದೇ ಬರುತ್ತಾರೆ.

ನಾನು ಪಾಲಿಸುವ ಮುಖ್ಯ ಕಟ್ಟಳೆ ಇದು: "ಯಾಕೆ" ಎಂಬುದಕ್ಕೆ ಉತ್ತರ ಸಿಗದ ಸಂಗತಿಯನ್ನು ಬೋರ್ಡಿಗೆ ಹಾಕುವುದಿಲ್ಲ. ಫಾರ್ವರ್ಡ್ ಆಗಿ ಬರುವವು ಬರೀ "ಏನು" ಎಂಬುದನ್ನು ಹೊತ್ತು ತರುತ್ತವೆ. ಆಸ್ಟ್ರೇಲಿಯಾದ ವೊಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ದಾಳದಂತೆ ಚೌಕ ಎಂದು ಓದಿದರೆ ನಗು ಬರುತ್ತದೆ, ಮುಂದಿನ ಕ್ಷಣಕ್ಕೆ ಮರೆತುಹೋಗುತ್ತದೆ. ಅದರ ಕರುಳಿನ ಗೋಡೆ ಎಲ್ಲ ಕಡೆ ಒಂದೇ ಬಿಗಿಯಾಗಿಲ್ಲ, ಕೆಲವು ಕಡೆ ಸಡಿಲ, ಕೆಲವು ಕಡೆ ಗಟ್ಟಿ. ಒಣಗುತ್ತ ಸಾಗುವ ಹಿಕ್ಕೆಗೆ ಅಲ್ಲೇ ಮೂಲೆಗಳು ಮೂಡುತ್ತವೆ ಎಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ ಎಂದು ಬರೆದರೆ, ಓದಿದ ಹುಡುಗ ಅದನ್ನು ರೂಮಿಗೆ ಹೋಗಿ ಇನ್ನೊಬ್ಬನಿಗೆ ಹೇಳುತ್ತಾನೆ. ಆ ಸಂಶೋಧನೆಗೆ 2019ರಲ್ಲಿ ಇಗ್ ನೊಬೆಲ್ ಬಂತು.

ಇಗ್ ನೊಬೆಲ್ ಪಟ್ಟಿಯೇ ನನ್ನ ದೊಡ್ಡ ಗಣಿ. 1991ರಲ್ಲಿ ಅಮೆರಿಕದಲ್ಲಿ ಶುರುವಾದ ಬಹುಮಾನ ಅದು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಸಲ್ಲುತ್ತದೆ. ಅಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ ಆಂದ್ರೆ ಗೈಮ್‌ಗೆ 2000ದಲ್ಲಿ ಇದು ಬಂತು, ಗ್ರಾಫೀನ್ ಎಂಬ, ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆಯ ಮೇಲಿನ ಕೆಲಸಕ್ಕೆ 2010ರಲ್ಲಿ ನಿಜವಾದ ನೊಬೆಲ್ಲೇ ಬಂತು. ಈ ಪಟ್ಟಿಯಲ್ಲಿ ನಮ್ಮವರನ್ನು ಹುಡುಕುವುದೆಂದರೆ ನನಗೆ ಖುಷಿ. ಆನೆಯ ಮೈಚರ್ಮದ ಒಟ್ಟು ವಿಸ್ತೀರ್ಣ ಅಳೆಯುವ ಸೂತ್ರ ಕೊಟ್ಟದ್ದಕ್ಕೆ 2002ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಇಬ್ಬರಿಗೆ ಬಂತು. ಅದಕ್ಕೂ ಒಂದು ವರ್ಷ ಮೊದಲು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಅವರಿಗೆ ಬಂದದ್ದು ಹರೆಯದವರು ಮೂಗಿನಲ್ಲಿ ಬೆರಳಿಡುವ ಚಟದ ಅಧ್ಯಯನಕ್ಕೆ. ನಾಲ್ಕು ಶಾಲೆಗಳ 200 ಮಕ್ಕಳನ್ನು ಕೇಳಿದಾಗ ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು, ದಿನಕ್ಕೆ ನಾಲ್ಕು ಸಲದಷ್ಟು.

ಇದನ್ನು ಬರೆದ ದಿನ ಪಿಂಚಣಿ ಕಾಗದ ಝೆರಾಕ್ಸ್ ಮಾಡಿಸಲು ಬಂದ ಹಿರಿಯರೊಬ್ಬರು ಹಲಗೆ ಮುಂದೆ ನಿಂತು, "ಏನವಾ ತಂಗಿ ಇದು, ಮೂಗಿನ ಸುದ್ದಿ ಅಂಗಡಿ ಮುಂದ!" ಎಂದರು. "ಕಡೀ ಸಾಲು ಓದ್ರಿ ಕಾಕಾ" ಎಂದೆ. ಅದು ಯಾವಾಗ ಬರೀ ಚಟ, ಯಾವಾಗ ಮಾನಸಿಕ ತೊಂದರೆಯ ಲಕ್ಷಣ ಎಂದು ಗೆರೆ ಎಳೆಯಲು ಈ ಅಧ್ಯಯನ ಬೇಕಾಗಿತ್ತು ಎಂದು ಕೆಳಗೆ ಬರೆದಿದ್ದೆ. ಓದಿ, "ಹಂಗಾದ್ರ ಬರದಿದ್ದು ಚಲೋನ ಆತು" ಎಂದು ಹೇಳಿ ಹೋದರು.

ಅದೇ ಪಟ್ಟಿಯಿಂದ ತೆಗೆದ ಲಾಲ್ ಬಿಹಾರಿಯವರ ಕಥೆಗೆ ಜನ ನಿಂತಷ್ಟು ಹೊತ್ತು ಬೇರೆ ಯಾವುದಕ್ಕೂ ನಿಂತಿಲ್ಲ. ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯವರು. 1975ರಿಂದ 1994ರವರೆಗೆ ಸರ್ಕಾರದ ಕಾಗದದಲ್ಲಿ ಸತ್ತುಹೋಗಿದ್ದರು, ಜಮೀನು ಸಂಬಂಧಿಕರ ಪಾಲಾಗಿತ್ತು. ಬದುಕಿದ್ದೇನೆ ಎಂದು ತೋರಿಸಲು ಹೆಸರಿನ ಜೊತೆ "ಮೃತಕ" ಎಂದು ಸೇರಿಸಿಕೊಂಡರು, ತಮ್ಮಂಥವರನ್ನೆಲ್ಲ ಕೂಡಿಸಿ ಮೃತರ ಸಂಘ ಕಟ್ಟಿದರು, ರಾಜೀವ್ ಗಾಂಧಿಯವರ ಎದುರು ಚುನಾವಣೆಗೂ ನಿಂತರು. 2003ರಲ್ಲಿ ಅವರಿಗೆ ಇಗ್ ನೊಬೆಲ್ ಶಾಂತಿ ಬಹುಮಾನ ಬಂತು. ಪಹಣಿ, ವಾರಸಾ ಅಂತ ಮನೆಯಲ್ಲಿ ಕೇಳಿ ಬೆಳೆದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು, "ನಮ್ಮ ಆಯಿದೂ ಹಿಂಗ ಆಗಿತ್ರಿ ಅಕ್ಕಾರ. ಜೀವಂತ ಅದಾಳ ಅಂತ ತೋರ್ಸಾಕ ಕರಕೊಂಡ ಹೋಗಿದ್ವಿ" ಎಂದಳು. ಆ ದಿನ ಸಂಜೆಯವರೆಗೂ ಹಲಗೆ ಒರೆಸಲು ಬಿಡಲಿಲ್ಲ.

ಇನ್ನು ಹುಡುಕುವ ಜಾಗಗಳು. ಇಂಗ್ಲಿಷ್ ವಿಕಿಪೀಡಿಯ ಮುಖಪುಟದ "ಡಿಡ್ ಯು ನೋ" ಭಾಗ ಬೆಳಗಿನ ಚಹಾದ ಜೊತೆ ನೋಡುತ್ತೇನೆ. ನಾಸಾದವರು 1995ರ ಜೂನ್‌ನಿಂದ ದಿನಕ್ಕೊಂದು ಆಕಾಶದ ಚಿತ್ರ ಹಾಕುತ್ತಾರೆ, ಕೆಳಗೆ ಖಗೋಳ ವಿಜ್ಞಾನಿಯೇ ಬರೆದ ವಿವರ ಇರುತ್ತದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೇ ಪುಸ್ತಕಗಳು ಸಿಗುತ್ತವೆ; 1884ರ ಧಾರವಾಡ ಜಿಲ್ಲಾ ಗ್ಯಾಸೆಟಿಯರ್ ಕೂಡ ಅಲ್ಲಿದೆ, ಸುಮ್ಮನೆ ಯಾವ ಪುಟ ತೆರೆದರೂ ನಮ್ಮ ಸುತ್ತಿನ ಊರಿನ ಹೆಸರು ಎದುರಾಗುತ್ತದೆ. ರೀಲ್ಸ್‌ನಿಂದ ಮಾತ್ರ ನಾನು ಏನನ್ನೂ ನೇರವಾಗಿ ಎತ್ತಿಕೊಳ್ಳುವುದಿಲ್ಲ. ಅಲ್ಲಿ ಸಿಕ್ಕಿದ್ದು ಒಂದು ಸುಳಿವು ಅಷ್ಟೇ.

ಚಿತ್ರ ಬಂದರೆ ಮೊದಲ ಕೆಲಸ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಹಾಕಿ ಮೂಲ ಹುಡುಕುವುದು. ದೀಪಾವಳಿ ಬಂತೆಂದರೆ ರಾತ್ರಿಯ ಭಾರತ ಬಣ್ಣಬಣ್ಣವಾಗಿ ಹೊಳೆಯುವ ಚಿತ್ರ "ನಾಸಾ ತೆಗೆದ ದೀಪಾವಳಿ ಫೋಟೋ" ಎಂದು ಎಲ್ಲರ ಫೋನಿಗೂ ಬರುತ್ತದೆ. ಅದು ಹಬ್ಬದ ಚಿತ್ರವೇ ಅಲ್ಲ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆಯ ಕ್ರಿಸ್ ಎಲ್ವಿಡ್ಜ್ ಎಂಬ ವಿಜ್ಞಾನಿ ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರ ಕೂಡಿಸಿ 2003ರಲ್ಲಿ ಮಾಡಿದ್ದು. ಬಿಳಿ ಇರುವಲ್ಲಿ 1992ಕ್ಕೂ ಮೊದಲೇ ದೀಪ ಇತ್ತು, ನೀಲಿ 1992ರಲ್ಲಿ ಕಂಡದ್ದು, ಹಸಿರು 1998ರಲ್ಲಿ, ಕೆಂಪು 2003ರಲ್ಲಿ. ಹಬ್ಬದ ದೀಪದಿಂದ ಹೆಚ್ಚುವ ಬೆಳಕು ಅಷ್ಟು ಎತ್ತರಕ್ಕೆ ತಿಳಿಯುವುದೇ ಇಲ್ಲ ಎಂದು ನಾಸಾ 2012ರಲ್ಲಿ ಹೇಳಿತು. ಇದನ್ನು ನಾನು "ಸುಳ್ಳು ಸುದ್ದಿ" ಎಂಬ ತಲೆಬರಹ ಕೊಟ್ಟು ಬರೆಯಲಿಲ್ಲ. "ಈ ಚಿತ್ರದಾಗ ನಿಮ್ಮ ಊರು ಯಾವ ಬಣ್ಣ?" ಎಂದು ಕೇಳಿ, ಬಣ್ಣಗಳ ಅರ್ಥ ಕೆಳಗೆ ಕೊಟ್ಟೆ. ಸುಳ್ಳನ್ನು ಫಾರ್ವರ್ಡ್ ಮಾಡಿದವರಿಗೂ ಬೇಸರವಾಗಲಿಲ್ಲ. ಎಲ್ಲರೂ ಫೋನು ತೆಗೆದು, ಚಿತ್ರ ದೊಡ್ಡದು ಮಾಡಿ, ಬೆರಳಿಟ್ಟು ತಮ್ಮ ಜಿಲ್ಲೆ ಹುಡುಕುತ್ತ ನಿಂತರು. ನಿಜದಲ್ಲೇ ಹೆಚ್ಚು ಮಜಾ ಇರುತ್ತದೆ ಎಂದು ನಾನು ನಂಬುವುದು ಇಂಥದ್ದನ್ನೆಲ್ಲ ಕಂಡು.

ಅಂಕಿಗಳನ್ನು ಹಾಗೇ ಬಿಡಬಾರದು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು ಎಂಬುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಗಂಟೆಗೆ ಐದು ಕಿಲೋಮೀಟರ್ ನಡೆಯುವವನಿಗೆ ಈ ತುದಿಯಿಂದ ಆ ತುದಿಗೆ 18 ನಿಮಿಷ ಬೇಕು ಎಂದು ಬರೆದಾಗಲೇ ಅದು ಹೊಸದಾಯಿತು. ತಪ್ಪಿದ ಡಬ್ಬಿ ಹಿಡಿಯಲು ಲಗೇಜು ಹೊತ್ತು ಓಡಿದವರು ಒಬ್ಬೊಬ್ಬರಾಗಿ ತಮ್ಮ ಕಥೆ ತೆಗೆದರು.

ಹಾಕದೇ ಬಿಟ್ಟವೂ ಇವೆ. ಮದುವೆಯಲ್ಲಿ ಬಿದ್ದವರ ವಿಡಿಯೊ, ಪ್ರಾಣಿಗೆ ಬಟ್ಟೆ ತೊಡಿಸಿ ಕುಣಿಸಿದ್ದು, ಇಂಗ್ಲಿಷ್ ಬಾರದವರ ಬೋರ್ಡುಗಳ ಫೋಟೋ, ಇವು ನನಗೆ ಬೇಡ. ಅಮೆರಿಕದ ಬಾಸ್ಟನ್‌ನಲ್ಲಿ 1919ರ ಜನವರಿ 15ರಂದು ಕಾಕಂಬಿಯ ದೊಡ್ಡ ಟ್ಯಾಂಕ್ ಒಡೆದು ಬೀದಿಯಲ್ಲಿ ತೆರೆಯಂತೆ ಹರಿದ ಸುದ್ದಿಯನ್ನು ಬಹಳ ಕಡೆ ತಮಾಷೆಯಾಗಿ ಹಂಚುತ್ತಾರೆ. ಅದರಲ್ಲಿ 21 ಜನ ಸತ್ತರು. ಸಕ್ಕರೆ ಕಾರ್ಖಾನೆಯ ಹತ್ತಿರ ಕಾಕಂಬಿ ಕಂಡವರಿಗೆ ಅದರ ಅಂಟು ಎಂಥದೆಂದು ಗೊತ್ತು. ಅದರಲ್ಲಿ ಸಿಕ್ಕಿಕೊಂಡ ಮನುಷ್ಯನನ್ನು ನೆನೆದರೆ ನಗು ಬರಬಾರದು.

ಸ್ಟೇಟಸ್ಸಿನಿಂದ ತಿರುಗಿ ಬಂದ ಉತ್ತರಗಳಲ್ಲಿ ನನಗೆ ಬಹಳ ಪ್ರೀತಿಯದು ಬಾವೋಬಾಬ್ ಮರದ್ದು. ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ ಸನ್‌ಲ್ಯಾಂಡ್ ಎಂಬಲ್ಲಿ ಒಂದು ಬಾವೋಬಾಬ್ ಇತ್ತು. ಬುಡದ ಸುತ್ತಳತೆ 30 ಮೀಟರಿಗೂ ಹೆಚ್ಚು, ಕಾಂಡ ಒಳಗೆ ಟೊಳ್ಳು. ಆ ಟೊಳ್ಳಿನಲ್ಲೇ ಮೇಜು ಕುರ್ಚಿ ಹಾಕಿ ಬಾರ್ ನಡೆಸುತ್ತಿದ್ದರು. 2016ರಲ್ಲಿ, ಮತ್ತೆ 2017ರಲ್ಲಿ ಮರ ಸೀಳಿತು. ಇದನ್ನು ಬರೆದ ಮಧ್ಯಾಹ್ನ ಸವಣೂರಿನ ಹುಡುಗನೊಬ್ಬ ಬಂದ. "ಅಕ್ಕಾರ, ಇಂಥಾ ಗಿಡ ನಮ್ಮೂರಾಗ ಅದಾವ್ರಿ. ಮಠದಾಗ ಮೂರು. ನಾವು ದೊಡ್ಡ ಹುಣಸಿಗಿಡ ಅಂತೀವಿ" ಎಂದ. "ಹೌದೇನೋ ತಮ್ಮಾ! ಊರಿಗೆ ಹೋದಾಗ ಫೋಟೋ ತಗೊಂಡ ಬಾ" ಎಂದೆ. ತಂದ. ಅವನ ಜೊತೆ ಬಂದಿದ್ದ ಮೂವರು ಗೆಳೆಯರು ಕೈಕೈ ಹಿಡಿದು ಬುಡಕ್ಕೆ ಒರಗಿ ನಿಂತಿದ್ದಾರೆ, ಮರದ ಒಂದು ಮಗ್ಗಲೂ ಪೂರ್ತಿ ಮುಚ್ಚಿಲ್ಲ. ತೊಗಟೆ ಬೂದು ಬಣ್ಣ, ಆನೆಯ ಕಾಲಿನಂತೆ ಮಡಿಕೆ ಮಡಿಕೆ.

ಆ ಮರಗಳ ಬಗ್ಗೆ ಬರೆಯುವಾಗ ಎಲ್ಲರೂ ಸಾವಿರಗಳಲ್ಲಿ ವಯಸ್ಸು ಹೇಳುತ್ತಾರೆ. ನಾನು ಬೋರ್ಡಿಗೆ ವಯಸ್ಸು ತರಲಿಲ್ಲ. ಒಳಗೆ ಟೊಳ್ಳಾಗುವ ಮರದ ಉಂಗುರ ಎಣಿಸಿ ವಯಸ್ಸು ಹೇಳಲು ಬರುವುದಿಲ್ಲ, ರೇಡಿಯೊಕಾರ್ಬನ್ ಪರೀಕ್ಷೆಯೇ ಬೇಕು ಎಂದಷ್ಟೇ ಬರೆದೆ. ಜೊತೆಗೆ, ಆಫ್ರಿಕಾದ ತೀರಾ ಹಳೆಯ 13 ಬಾವೋಬಾಬ್‌ಗಳಲ್ಲಿ ಒಂಬತ್ತು ಹನ್ನೆರಡು ವರ್ಷದೊಳಗೆ ಪೂರ್ತಿಯಾಗಿಯೋ ಭಾಗಶಃವೋ ಸತ್ತವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದನ್ನೂ ಸೇರಿಸಿದೆ. ಅದನ್ನು ಓದಿದ ಮೇಲೆ ಸವಣೂರಿಗೆ ಹೋಗಿ ಆ ಮರ ನೋಡಿ ಬಂದವರು ನನ್ನ ಗಿರಾಕಿಗಳಲ್ಲಿ ಹಲವರು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ, ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದರು.

ಈಗ ಹುಡುಗರೂ ತಂದುಕೊಡುತ್ತಾರೆ. ಷರತ್ತು ಒಂದೇ: ಮೂಲ ಎಲ್ಲಿದೆ ತೋರಿಸಬೇಕು, "ಯಾಕೆ" ಎಂಬುದನ್ನು ಒಂದು ಸಾಲಿನಲ್ಲಿ ಹೇಳಬೇಕು, ತಾವೇ ಬರೆಯಬೇಕು. ಮೊನ್ನೆ ಮುಂಡರಗಿ ಕಡೆಯ ಹುಡುಗಿಯೊಬ್ಬಳು ರಬ್ಬರ್ ಬಾತುಗಳ ಸಂಗತಿ ತಂದಳು. 1992ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಅಮೆರಿಕಕ್ಕೆ ಹೊರಟ ಹಡಗಿನಿಂದ ಬಿರುಗಾಳಿಗೆ ಕಂಟೇನರ್ ಬಿದ್ದು, ಸ್ನಾನದ ಆಟಿಕೆಗಳು ಶಾಂತ ಸಾಗರದ ಪಾಲಾದವು. ಹಳದಿ ಬಾತು, ನೀಲಿ ಆಮೆ, ಹಸಿರು ಕಪ್ಪೆ, ಕೆಂಪು ಬೀವರ್, ಒಟ್ಟು 28,800. ಅದೇ ವರ್ಷದ ಕೊನೆಗೆ ಅಲಾಸ್ಕಾದ ಸಿಟ್ಕಾ ಬಳಿ ದಡ ಸೇರತೊಡಗಿದವು. ಕರ್ಟಿಸ್ ಎಬ್ಸ್‌ಮೇಯರ್ ಎಂಬ ಸಾಗರ ವಿಜ್ಞಾನಿ ಅವು ಎಲ್ಲೆಲ್ಲಿ ಸಿಕ್ಕವೆಂದು ಗುರುತು ಹಾಕುತ್ತ ಸಮುದ್ರದ ಪ್ರವಾಹಗಳ ಲೆಕ್ಕವನ್ನು ಪರೀಕ್ಷಿಸಿದರು.

ಅವಳು ಸಾಲು ಕಡಿಮೆ ಮಾಡಿ, ಮಿಕ್ಕ ಜಾಗದಲ್ಲಿ ಸಾಗರದ ನಕಾಶೆ ಬರೆದು, ಬಾಣದ ಗುರುತಿನಲ್ಲಿ ಬಾತುಗಳ ದಾರಿ ತೋರಿಸಿದಳು. ಪ್ರಿಂಟಿಗೆ ನಿಂತವನೊಬ್ಬ, "ಇದು ಎಕ್ಸಾಮಿಗೆ ಬರತೈತೇನ್ರಿ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ಚಾಕ್‌ಪೀಸು ತಿರುಗಿಸಿ, ಕುರೋಶಿಯೊ, ಉತ್ತರ ಪೆಸಿಫಿಕ್, ಅಲಾಸ್ಕಾ, ಕ್ಯಾಲಿಫೋರ್ನಿಯಾ ಎಂದು ನಕಾಶೆಯ ಮೇಲೆ ಒಂದೊಂದೇ ಪ್ರವಾಹದ ಹೆಸರು ಬರೆದಳು. ಅವನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಇಳಿಸಿಕೊಂಡ.