ಇದ್ದ ಮನೆ ಬಾಡಿಗೆಗೆ ಕೊಟ್ಟ ಮೇಲೆ ಟ್ಯಾಕ್ಸ್ ಲೆಕ್ಕ, ನನ್ನ ಅನುಭವ

ಮೈಸೂರಿಗೆ ಟ್ರಾನ್ಸ್‌ಫರ್ ಆಯ್ತು ಅಂತ ಬೆಂಗಳೂರಲ್ಲಿ ನಾವೇ ಇದ್ದ ಮನೇನ ಏಪ್ರಿಲ್‌ನಿಂದ ತಿಂಗಳಿಗೆ 22,000ಕ್ಕೆ ಬಾಡಿಗೆಗೆ ಕೊಟ್ವಿ. ಪೇಂಟ್ ಹೊಡೆಸಿದ್ದು, ಗೀಸರ್ ಹಾಕ್ಸಿದ್ದು, ಬ್ರೋಕರ್‌ಗೆ ಕೊಟ್ಟಿದ್ದು, ಎಲ್ಲಾದ್ರ ಬಿಲ್ಲೂ ಒಂದು ಬಿಸ್ಕೆಟ್ ಡಬ್ಬಿಲಿ ಜೋಪಾನವಾಗಿ ಇಟ್ಟಿದ್ದೆ, ರಿಟರ್ನ್ ಹಾಕುವಾಗ ಬೇಕಾಗುತ್ತೆ ಅಂತ. ಒಂದೂ ಬೇಕಾಗ್ಲಿಲ್ಲ. ರಿಪೇರಿಗೆ ನೀವು ಎಷ್ಟೇ ಖರ್ಚು ಮಾಡಿ, ಏನೂ ಮಾಡ್ದೇ ಇರಿ, ಇನ್‌ಕಮ್ ಟ್ಯಾಕ್ಸ್‌ನಲ್ಲಿ ಬಿಡೋದು ಕಂದಾಯ ಕಳೆದ ಬಾಡಿಗೆಯ 30% ಮಾತ್ರ, ಅದಕ್ಕೆ ಯಾರೂ ಬಿಲ್ ಕೇಳಲ್ಲ.

ನನ್ನ ಲೆಕ್ಕ ಹೀಗಿತ್ತು ನೋಡಿ. ವರ್ಷದ ಬಾಡಿಗೆ 2,64,000, ಅದ್ರಲ್ಲಿ ನಾನು ಕಟ್ಟಿದ ಮನೆ ಕಂದಾಯ 6,000 ಕಳೆದ್ರೆ 2,58,000, ಅದರ 30% ಅಂದ್ರೆ 77,400 ತೆಗೆದ್ರೆ 1,80,600 ಉಳೀತು. ಹೋಮ್ ಲೋನ್ ಬಡ್ಡಿ 1,45,000 ಹೋಗಿ ಕೊನೆಗೆ ಸಂಬಳಕ್ಕೆ ಸೇರಿದ್ದು ಬರೀ 35,600. ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೆ ಹಳೇದು, ಹೊಸದು ಅಂತ ಎರಡು ಪದ್ಧತಿ (ರೆಜಿಮ್) ಇವೆ, ನಾನು ಹೊಸ ರೆಜಿಮ್‌ನಲ್ಲಿದೀನಿ, ನಾವೇ ವಾಸ ಇದ್ದಾಗ ಆ ಬಡ್ಡಿಗೆ ಒಂದು ರೂಪಾಯಿನೂ ಸಿಗ್ತಿರ್ಲಿಲ್ಲ, ಬಾಡಿಗೆಗೆ ಕೊಟ್ಟ ಮೇಲೆ ಸಿಕ್ತು. ಆದ್ರೆ ಬಡ್ಡಿ ಜಾಸ್ತಿಯಾಗಿ ಲಾಸ್ ಬಂದ್ರೆ ಹೊಸದ್ರಲ್ಲಿ ಅದನ್ನ ಸಂಬಳದಿಂದ ಕಳೆಯಕ್ಕಾಗಲ್ಲ, ಹಳೇದ್ರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಆಗುತ್ತೆ, ಹಾಗಾಗಿ ಸಾಲ ದೊಡ್ಡದಿರೋರು ಎರಡೂ ಹಾಕಿ ನೋಡ್ಲೇಬೇಕು.

ನಾನು ಎಡವಿದ್ದು ಕಂದಾಯದಲ್ಲಿ. ಏಪ್ರಿಲ್‌ನಲ್ಲಿ ಕಟ್ಟಿದ್ರೆ 5% ರಿಯಾಯ್ತಿ ಅಂತ ಅವಸರದಲ್ಲಿ ಹಿಂದಿನ ವರ್ಷದ್ದೇ ನೋಡ್ಕೊಂಡು ‘ಸ್ವಂತ ವಾಸ’ ಅಂತ ಕಟ್ಬಿಟ್ಟೆ. ಬೆಂಗಳೂರಲ್ಲಿ ಬಾಡಿಗೆ ಮನೆಗೆ ದರ ಅದರ ಎರಡರಷ್ಟು. ಫೆಬ್ರವರಿಲಿ ರಸೀದಿ ತೆಗೆದು ನೋಡ್ದಾಗ ಎದೆ ಧಸಕ್ ಅಂತು, ತಕ್ಷಣ ಸರಿಮಾಡ್ಸಿ ವ್ಯತ್ಯಾಸನ ಬಡ್ಡಿ ಸಮೇತ ಮಾರ್ಚ್ 31ರೊಳಗೆ ಕಟ್ದೆ. ಆ ತಾರೀಕು ಯಾಕೆ ಮುಖ್ಯ ಅಂದ್ರೆ ಯಾವ ವರ್ಷ ಕಟ್ತೀವೋ ಆ ವರ್ಷದ ಬಾಡಿಗೆಯಿಂದ ಮಾತ್ರ ಕಳೀಬಹುದು, ಅದೂ ಓನರ್ರೇ ಕಟ್ಟಿರ್ಬೇಕು.

ಇಸ್ಕೊಂಡ ಒಂದೂವರೆ ಲಕ್ಷ ಅಡ್ವಾನ್ಸ್ ವಾಪಸ್ ಕೊಡೋ ದುಡ್ಡು, ಅದು ಆದಾಯ ಅಲ್ಲ. ಬಾಡಿಗೆ ತಿಂಗಳಿಗೆ 50,000 ದಾಟಿದ್ರೆ ಬಾಡಿಗೆದಾರರೇ ಟಿಡಿಎಸ್ (ಬಾಡಿಗೆ ಕೊಡುವಾಗ್ಲೇ ಮುರ್ಕೊಂಡು ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸ್) ಹಿಡೀಬೇಕು, ನಮಗೆ ಆ ಪ್ರಶ್ನೆ ಬರ್ಲಿಲ್ಲ. ನಮ್ಮ ಬಾಡಿಗೆ ಹುಡುಗ ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ, ಅಂದ್ರೆ ಎಚ್‌ಆರ್‌ಎಗೆ ನನ್ನ ಪ್ಯಾನ್ ಕೇಳ್ದ, ಬಾಡಿಗೆ ವರ್ಷಕ್ಕೆ ಲಕ್ಷದ ಮೇಲಿದ್ರೆ ಅವನ ಆಫೀಸಲ್ಲಿ ಕೇಳೇ ಕೇಳ್ತಾರೆ, ಹಿಂದೆಮುಂದೆ ನೋಡ್ದೆ ಕೊಟ್ಟೆ.

ಈ ಏಪ್ರಿಲ್‌ನಲ್ಲಿ ‘ಬಾಡಿಗೆ’ ಅಂತಲೇ ಹಾಕಿ ಕಂದಾಯ ಕಟ್ಟಿದೀನಿ. ಡಬ್ಬಿಲೀಗ ಎರಡೇ ಕಾಗದ ಇರೋದು, ಆ ರಸೀದಿ ಮತ್ತೆ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟು.