38.5 ಡಿಗ್ರಿಯಲ್ಲಿ ಸಿಕ್ಕ ಉತ್ತರ

ತುಮಕೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು, ಹಾಳಾದ ಪ್ರೋಟೀನನ್ನು ಜೀವಕೋಶ ವಿಲೇವಾರಿ ಮಾಡುವ ಪಾಠವನ್ನು ಹಲವು ವರ್ಷ ಕಪ್ಪುಹಲಗೆಯ ಚಿತ್ರದಲ್ಲೇ ಮುಗಿಸುತ್ತಿದ್ದೆ. ಯುಬಿಕ್ವಿಟಿನ್ ಎಂಬ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು ಹಾಳಾದುದಕ್ಕೆ ಸರಪಳಿಯಾಗಿ ಅಂಟಿಕೊಳ್ಳುತ್ತದೆ, ಆ ಗುರುತು ಹಿಡಿದು ಪ್ರೋಟಿಯಸೋಮ್ ಎಂಬ ಕೋಶದೊಳಗಿನ ಯಂತ್ರ ಆ ಹಾಳಾದ ಪ್ರೋಟೀನನ್ನು ತುಂಡರಿಸುತ್ತದೆ. ಇದನ್ನು ಬಿಡಿಸಿಟ್ಟ ಸೀಕನೋವರ್, ಹರ್ಷ್ಕೊ, ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಅಷ್ಟೇ. ಕಣ್ಣಾರೆ ತೋರಿಸೋಣವೆಂದು ಯೀಸ್ಟಿನ ಯುಬಿಐ4 ಜೀನನ್ನು ಆರಿಸಿಕೊಂಡೆ.

ಈ ಜೀನಿನಲ್ಲಿ ಯುಬಿಕ್ವಿಟಿನ್ನಿನ ಐದು ಪ್ರತಿಗಳು ಒಂದರ ಹಿಂದೊಂದು ಸಾಲಾಗಿವೆ. ಮಾಮೂಲು ಅಗತ್ಯವನ್ನು ಬೇರೆ ಮೂರು ಜೀನುಗಳು ನೋಡಿಕೊಳ್ಳುವುದರಿಂದ, ಇದನ್ನು ತೆಗೆದ ಯೀಸ್ಟೂ 30 ಡಿಗ್ರಿಯಲ್ಲಿ ಸಲೀಸಾಗಿ ಬೆಳೆಯುತ್ತದೆ. ಬಿಸಿ ಏರಿ, ಪ್ರೋಟೀನುಗಳ ಮಡಿಕೆ ಕೆಡತೊಡಗಿದಾಗಲೇ ಇದರ ಕೊರತೆ ತಟ್ಟುವುದು.

ಪರಿಚಯದ ಸಂಶೋಧಕರೊಬ್ಬರಿಂದ ಸಹಜ ತಳಿ, ಜೀನ್ ತೆಗೆದ ತಳಿ ಎರಡನ್ನೂ ತಂದೆ. ರಾತ್ರಿಯಿಡೀ ಬೆಳೆಸಿ, ಒಂದೇ ಸಾಂದ್ರತೆಗೆ ತಂದು, ನಾಲ್ಕು ಸಲ ಹತ್ತು ಪಟ್ಟು ತೆಳುಮಾಡುತ್ತ ಹೋಗಿ, 5 ಮೈಕ್ರೋಲೀಟರಿನ ಹನಿಗಳನ್ನು ಅಗಾರ್ ಎಂಬ ಗಟ್ಟಿ ಲೋಳೆ ತುಂಬಿದ ತಟ್ಟೆಯ ಮೇಲೆ ಸಾಲಾಗಿ ಇಟ್ಟೆವು. (ತಟ್ಟೆ ಎಂದರೆ ಕ್ಯಾತಸಂದ್ರದ ಇಡ್ಲಿ ನೆನೆಯುವ ಹುಡುಗರಿಗೆ ಇದೊಂದು ನಗೆ.) ಒಂದು ತಟ್ಟೆ 30 ಡಿಗ್ರಿಗೆ, ಇನ್ನೊಂದು 38.5ಕ್ಕೆ ಹೋಯಿತು.

ಮೂರನೆಯ ದಿನ ನೋಡಿದರೆ 38.5ರ ತಟ್ಟೆಯಲ್ಲೂ ಎರಡೂ ತಳಿಗಳು ಸಮಸಮ. ತಳಿ ಅದಲುಬದಲಾಯಿತೇ ಎಂದು ಮೊದಲು ಅನುಮಾನಿಸಿದೆ. ತೆಗೆದ ಜೀನಿನ ಜಾಗದಲ್ಲಿ ಜಿ418 ಎಂಬ ಪ್ರತಿಜೀವಕಕ್ಕೆ ಜಗ್ಗದ ಜೀನನ್ನು ಕೂರಿಸಿದ್ದರಿಂದ, ಆ ಔಷಧಿ ಬೆರೆಸಿದ ತಟ್ಟೆಯಲ್ಲಿ ಎರಡನ್ನೂ ಹಾಕಿದೆ, ಬೆಳೆಯಬೇಕಾದ್ದೇ ಬೆಳೆಯಿತು. ತಪ್ಪು ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನದು. ಒಳಗೆ ನೀರಿನ ಬೀಕರಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟಾಗ, ಹೊರಗಿನ ಅಂಕಿ 38.5 ಎನ್ನುತ್ತಿದ್ದರೂ ಪಾದರಸ 36 ದಾಟಿರಲಿಲ್ಲ. ರಾತ್ರಿ ಕರೆಂಟು ಹೋದಾಗ ಇನ್ನೂ ಇಳಿದಿರಬೇಕು. ಗುಂಡಿಯನ್ನು ನಂಬದೆ ಬೀಕರನ್ನೇ ನಂಬಿ ಹೊಂದಿಸಿದೆ, ಯುಪಿಎಸ್ ಜೋಡಿಸಿದೆ, ಅಗಾರ್ ಒಣಗದಂತೆ ಒಳಗೆ ನೀರಿನ ಬಟ್ಟಲಿಟ್ಟೆ.

ಮರುಪ್ರಯೋಗದಲ್ಲಿ ಸಹಜ ತಳಿಯ ಐದೂ ಹನಿಗಳು ಬೆಳೆದವು. ಜೀನ್ ತೆಗೆದ ತಳಿಯಲ್ಲಿ ಮೊದಲ ಹನಿ ಮಸುಕಾಗಿ, ಎರಡನೆಯದರಲ್ಲಿ ರಾಗಿಕಾಳಿಗಿಂತ ಸಣ್ಣ ನಾಲ್ಕಾರು ಚುಕ್ಕೆ, ಮುಂದೆ ಬರಿದು.

"ಮೇಡಂ, ಇವು ಸತ್ತಿವೆಯೋ, ಸುಮ್ಮನೆ ಕೂತಿವೆಯೋ?" ಎಂದು ಒಬ್ಬಳು ಕೇಳಿದಳು. ಅದೇ ತಟ್ಟೆಯನ್ನು 30 ಡಿಗ್ರಿಗೆ ಸರಿಸಿ ಎರಡು ದಿನ ಕಾದೆವು. ಬರಿದಾಗಿದ್ದ ಜಾಗ ಬರಿದಾಗಿಯೇ ಉಳಿಯಿತು.