ಕಡಿಮೆ ದುಡ್ಡಿಗೆ ಹೋಮ್ ಥಿಯೇಟರ್: ಸ್ಪೀಕರ್ ಒಂದೊಂದಾಗಿ ಕೊಳ್ಳಿ
ಬಜೆಟ್ ಕಡಿಮೆ ಇದ್ದರೆ ಒಂದೇ ಸಲಕ್ಕೆ ಅಗ್ಗದ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ತಗೊಳ್ಳಬೇಡಿ. ಅದೇ ದುಡ್ಡಿಗೆ ಮುಂದಿನ ಎರಡು ಸ್ಪೀಕರ್ ಚೆನ್ನಾಗಿರೋದೇ ಸಿಗಬಹುದು. ಆಮೇಲೆ ನಡುವಿನ ಸೆಂಟರ್ ಸ್ಪೀಕರ್ ಸೇರಿಸಿ, ಸಿನಿಮಾದ ಮಾತುಗಳು ಹೆಚ್ಚಾಗಿ ಬರುವುದು ಅದರಿಂದಲೇ. ಸಾಧ್ಯವಾದರೆ ಅದೇ ಕಂಪನಿಯ ಅದೇ ಸರಣಿಯದ್ದು ಇರಲಿ, ದನಿ ಹೊಂದುತ್ತದೆ. ಹಿಂದಿನ ಸರೌಂಡ್ ಸ್ಪೀಕರ್‌ಗಳಿಗೆ ಅವಸರವಿಲ್ಲ.

ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಹೇಳಿಕೊಳ್ಳುವ) ಸಂಖ್ಯೆ ನೋಡಿ ಸುಮ್ನೆ ಮರುಳಾಗಬೇಡಿ, ಆರ್‌ಎಂಎಸ್ ವ್ಯಾಟ್ (ಸತತವಾಗಿ ತಡೆಯುವ ಶಕ್ತಿ) ಕೇಳಿ. ನನಗೆ ಅದಕ್ಕಿಂತ ಮುಖ್ಯ ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ವ್ಯಾಟ್‌ಗೆ ಸ್ಪೀಕರ್ ಎಷ್ಟು ಡೆಸಿಬೆಲ್ (ಡಿಬಿ) ಸದ್ದು ಮಾಡುತ್ತದೆ ಅನ್ನೋದು. 87 ಡಿಬಿ ಸ್ಪೀಕರ್‌ಗೆ ಬೇಕಾದ ವ್ಯಾಟ್‌ನ ಅರ್ಧದಲ್ಲೇ 90 ಡಿಬಿ ಸ್ಪೀಕರ್ ಅಷ್ಟೇ ಸದ್ದು ಕೊಡುತ್ತದೆ. ಆಗ ಸಣ್ಣ ಆಂಪ್ಲಿಫೈಯರ್ ಸಾಕು, ಅಲ್ವಾ? ಸ್ಪೀಕರ್‌ನ ಓಮ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಆಂಪ್ಲಿಫೈಯರ್‌ಗೆ ಹೊಂದುತ್ತದೆಯೇ ಅಂತಲೂ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಕೋನ್ (ಸ್ಪೀಕರ್‌ನ ಅದುರುವ ಶಂಕುವಿನಾಕಾರದ ಭಾಗ) ಸುತ್ತಲಿನ ಫೋಮ್ ಪುಡಿಯಾಗಿದೆಯಾ ಅಂತ ಬೆರಳಿಟ್ಟು ಮೆಲ್ಲಗೆ ಪರೀಕ್ಷಿಸಿ.